ಕಾರವಾರದ ನಿರ್ವಹಣಾ ಯೋಜನೆಗಳನ್ನು ಶಿರಸಿಯ ಕಟ್ಟಡಕ್ಕೆ ನಕಲು ಮಾಡುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು?

ಕಾರವಾರ, ಅತಿಥಿಗೃಹ ನಿರ್ವಹಣೆ:
ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಸಮುದ್ರದಂಡೆಗೆ ಹತ್ತಿರವಿರುವ ನಮ್ಮ ಅತಿಥಿಗೃಹದ ನಿರ್ವಹಣೆಯನ್ನು ತಂತ್ರಾಂಶಕ್ಕೆ ಅಳವಡಿಸಿದ್ದೇವೆ. ಜನರೇಟರ್, ಎಸಿಗಳ ಹೊರಘಟಕಗಳು, ನೀರಿನ ಪಂಪುಗಳು, ಲಿಫ್ಟ್, ಅಗ್ನಿಶಾಮಕ ಸಿಲಿಂಡರ್‌ಗಳು, ಅರ್ಥಿಂಗ್ ಗುಂಡಿಗಳು, ತಾರಸಿ ಮತ್ತು ನೀರಿನ ಟ್ಯಾಂಕು, ಇವೆಲ್ಲಕ್ಕೂ ಪ್ರತ್ಯೇಕ ಯೋಜನೆಗಳಿದ್ದು, ಗಡುವು ಹತ್ತಿರವಾದಾಗ ವರ್ಕ್ ಆರ್ಡರ್, ಅಂದರೆ ಆ ಕೆಲಸ ಮಾಡಬೇಕೆಂಬ ಆದೇಶ, ತಾನಾಗಿ ಹೊರಬರುತ್ತದೆ. ಈಗ ಶಿರಸಿಯಲ್ಲಿ ಎರಡನೆಯ ಕಟ್ಟಡ ಸಿದ್ಧವಾಗಿದೆ, ಅದರ ನಂತರ ಹೊನ್ನಾವರದಲ್ಲಿ ಇನ್ನೊಂದು ಬರಲಿದೆ. ಎಲ್ಲವನ್ನೂ ಮೊದಲಿನಿಂದ ಬರೆಯುವ ಬದಲು ಕಾರವಾರದ ಯೋಜನೆಗಳನ್ನೇ ನಕಲು ಮಾಡಿಕೊಳ್ಳೋಣವೆಂದು ಮೇಲಿನವರು ಸೂಚಿಸಿದ್ದಾರೆ.

ತಂತ್ರಾಂಶದಲ್ಲಿ ‘ಡುಪ್ಲಿಕೇಟ್’ ಗುಂಡಿಯಿದೆ. ಪರೀಕ್ಷೆಗೆಂದು ಜನರೇಟರ್ ಯೋಜನೆಯೊಂದನ್ನು ನಕಲು ಮಾಡಿ ನೋಡಿದಾಗ, ಕೆಲಸದ ಹಂತಗಳು ಸರಿಯಾಗಿ ಬಂದವು. ಆದರೆ ಯಂತ್ರದ ಸಂಖ್ಯೆ, ಮುಂದಿನ ಗಡುವು, ಕೆಲಸ ವಹಿಸಲಾದ ಟೆಕ್ನಿಷಿಯನ್ ಹೆಸರು, ಬಿಡಿಭಾಗ ತೆಗೆಯಬೇಕಾದ ಉಗ್ರಾಣ, ಇವೆಲ್ಲವೂ ಕಾರವಾರದವೇ ಆಗಿ ಉಳಿದವು. ಹಳೆಯ ಸರ್ವೀಸ್‌ಗಳ ಇತಿಹಾಸ ಮಾತ್ರ ಬರಲಿಲ್ಲ. ಹೀಗೆ ನಕಲು ಮಾಡಿದ ಮೇಲೆ ಯಾವ ಯಾವ ಅಂಶಗಳನ್ನು ಕಡ್ಡಾಯವಾಗಿ ಬದಲಿಸಬೇಕು, ಮತ್ತು ನಕಲು ಮಾಡುವುದೇ ಸರಿಯಾದ ದಾರಿಯೇ ಎಂಬುದನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಕುಮಟಾ, ವಿದ್ಯುತ್ ನಿರ್ವಹಣೆ:
ಉಳಿದೆಲ್ಲಕ್ಕಿಂತ ಮೊದಲು, ನೀವು ಪರೀಕ್ಷೆಗೆಂದು ಮಾಡಿದ ಆ ನಕಲು ಈಗ ಸಕ್ರಿಯವಾಗಿದೆಯೇ ಎಂಬುದನ್ನು ನೋಡಿ. ಸಕ್ರಿಯವಾಗಿದ್ದರೆ ಇಂದೇ ಅದನ್ನು ನಿಷ್ಕ್ರಿಯಗೊಳಿಸಿ. ಬಹಳಷ್ಟು ತಂತ್ರಾಂಶಗಳಲ್ಲಿ ವರ್ಕ್ ಆರ್ಡರ್‌ಗಳು ರಾತ್ರಿಯ ಹೊತ್ತು ಯಾರೂ ಕೇಳದೆಯೇ ತಯಾರಾಗುತ್ತವೆ. ನಕಲಿನಲ್ಲಿ ಇನ್ನೂ ಕಾರವಾರದ ಜನರೇಟರ್ ಸಂಖ್ಯೆಯೇ ಇರುವುದರಿಂದ, ಒಂದೇ ಯಂತ್ರಕ್ಕೆ ಒಂದೇ ದಿನ ಎರಡು ವರ್ಕ್ ಆರ್ಡರ್ ಹುಟ್ಟುತ್ತವೆ. ಟೆಕ್ನಿಷಿಯನ್ ಕೆಲಸವನ್ನು ಒಮ್ಮೆ ಮಾಡಿ ಒಂದನ್ನು ಮುಚ್ಚುತ್ತಾನೆ. ಇನ್ನೊಂದು ಗಡುವು ಮೀರಿದ ಕೆಲಸವೆಂದು ತಿಂಗಳ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ಅವಸರದಲ್ಲಿ ಎರಡನ್ನೂ ಮುಚ್ಚಿದಾಗ ಆಗದ ಸರ್ವೀಸ್ ಒಂದು ಆಗಿದೆಯೆಂದು ದಾಖಲೆಯಲ್ಲಿ ಉಳಿದುಬಿಡುತ್ತದೆ. ನಕಲನ್ನು ಕರಡು ಸ್ಥಿತಿಯಲ್ಲಿಟ್ಟು, ತಿದ್ದಿ, ಬೇರೊಬ್ಬರಿಂದ ಓದಿಸಿ, ಆಮೇಲೆ ಮಾತ್ರ ಚಾಲನೆಗೆ ತರುವ ಪದ್ಧತಿ ಇಟ್ಟುಕೊಳ್ಳಿ.

ಶಿರಸಿ, ಆಸ್ಪತ್ರೆ ಕಟ್ಟಡ ನಿರ್ವಹಣೆ:
ಕುಮಟಾದವರು ಹೇಳಿದ್ದು ಸರಿ. ನಿಮ್ಮ ಮೂಲ ಪ್ರಶ್ನೆಗೆ ನಾನು ಸ್ವಲ್ಪ ದೀರ್ಘವಾಗಿ ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿ ಆಗುವ ತೊಂದರೆ ತಕ್ಷಣಕ್ಕೆ ಕಣ್ಣಿಗೆ ಬೀಳುವುದಿಲ್ಲ. ತಿಂಗಳುಗಳು ಕಳೆದ ಮೇಲೆ, ಯಂತ್ರ ಕೆಟ್ಟು ನಿಂತಾಗ ಗೊತ್ತಾಗುತ್ತದೆ.

ಒಂದು ನಿರ್ವಹಣಾ ಯೋಜನೆಯ ಪುಟದಲ್ಲಿ ಬೇರೆಬೇರೆ ಮೂಲದ ಮಾಹಿತಿ ಒಟ್ಟಿಗೆ ಕುಳಿತಿರುತ್ತದೆ. ಕೆಲಸದ ಹಂತಗಳು, ಬೇಕಾಗುವ ಸಲಕರಣೆ, ಸುರಕ್ಷತಾ ಸೂಚನೆ ಇವು ಕೆಲಸಕ್ಕೆ ಸೇರಿದವು. ಇವನ್ನು ನಕಲು ಮಾಡಲು ಅಡ್ಡಿಯಿಲ್ಲ. ಯಂತ್ರದ ಸಂಖ್ಯೆ, ಮೀಟರ್ ಓದು, ಕೊನೆಯ ಸರ್ವೀಸ್ ದಿನಾಂಕ, ಫಿಲ್ಟರ್ ಮತ್ತು ಬೆಲ್ಟುಗಳ ಭಾಗಸಂಖ್ಯೆ ಇವು ಆ ಒಂದು ಯಂತ್ರಕ್ಕೆ ಮಾತ್ರ ಸೇರಿದವು. ಎಷ್ಟು ದಿನಕ್ಕೊಮ್ಮೆ ಮಾಡಬೇಕೆಂಬುದು ಯಂತ್ರದ ಕೈಪಿಡಿಗೂ ಊರಿನ ಹವೆಗೂ ಸೇರಿದ್ದು. ಯಾರು ಮಾಡಬೇಕು, ಯಾವ ಉಗ್ರಾಣದಿಂದ ಸಾಮಾನು ತರಬೇಕು ಎಂಬುದು ಆ ಕಟ್ಟಡದ ಸಿಬ್ಬಂದಿಗೆ ಸೇರಿದ್ದು. ‘ಡುಪ್ಲಿಕೇಟ್’ ಗುಂಡಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ಕೆಲಸಕ್ಕೆ ಸೇರಿದ್ದನ್ನು ಉಳಿಸಿ, ಉಳಿದ ಪ್ರತಿಯೊಂದು ಖಾನೆಯನ್ನೂ ಮೊದಲು ಖಾಲಿ ಮಾಡಿ, ಆಮೇಲೆ ಶಿರಸಿಯ ಯಂತ್ರದ ಎದುರು ನಿಂತು ತುಂಬಬೇಕೆಂದು ನನ್ನ ಖಚಿತ ಅಭಿಪ್ರಾಯ. ಹಳೆಯ ಮಾಹಿತಿಯನ್ನು ಹಾಗೆಯೇ ಇಟ್ಟುಕೊಂಡು ಒಂದೊಂದಾಗಿ ತಿದ್ದುತ್ತ ಹೋದರೆ ಒಂದೆರಡು ಖಾನೆಗಳು ತಪ್ಪಿಹೋಗುತ್ತವೆ, ಮತ್ತು ತುಂಬಿರುವ ಖಾನೆ ಸರಿಯಾಗಿಯೇ ಇದೆಯೆಂದು ನೋಡುವವರಿಗೆ ಅನಿಸುತ್ತದೆ. ಖಾಲಿ ಖಾನೆಯಾದರೆ ತನ್ನನ್ನು ತುಂಬಬೇಕೆಂದು ತಾನೇ ನೆನಪಿಸುತ್ತದೆ.

ಜನರೇಟರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಪ್ರತಿ 250 ಗಂಟೆ ಓಡಿದ ಮೇಲೆ ಎಂಜಿನ್ ಆಯಿಲ್ ಬದಲಿಸಬೇಕೆಂದು ಕಾರವಾರದ ಯೋಜನೆಯಲ್ಲಿದೆ ಎಂದಿಟ್ಟುಕೊಳ್ಳೋಣ. ಅಲ್ಲಿ ಕೊನೆಯ ಬಾರಿ ಬದಲಿಸಿದ್ದು ಮೀಟರ್ 4,200 ತೋರಿಸುವಾಗ. ಮುಂದಿನ ಸರ್ವೀಸ್ 4,450ಕ್ಕೆ. ಈ ಯೋಜನೆ ನಕಲಾಗಿ ಶಿರಸಿಯ ಹೊಸ ಜನರೇಟರಿಗೆ ಅಂಟಿಕೊಂಡಿತು, ಅದರ ಮೀಟರ್ 60ರಲ್ಲಿದೆ. ಯಂತ್ರದ ಸಂಖ್ಯೆಯನ್ನು ಬದಲಿಸಿದವರು ಮೀಟರಿನ ಆರಂಭದ ಓದನ್ನು ಬದಲಿಸದಿದ್ದರೆ, ತಂತ್ರಾಂಶ 4,450 ಬರುವವರೆಗೆ ಕಾಯುತ್ತ ಕೂರುತ್ತದೆ. ಅಂದರೆ 4,390 ಗಂಟೆ ಓಡುವವರೆಗೆ ಆ ಜನರೇಟರಿಗೆ ಆಯಿಲ್ ಬದಲಿಸುವ ಸೂಚನೆಯೇ ಬರುವುದಿಲ್ಲ. ವರದಿಯಲ್ಲಿ ಮಾತ್ರ ಯೋಜನೆ ಸಕ್ರಿಯ, ಬಾಕಿ ಕೆಲಸ ಇಲ್ಲ ಎಂದು ಹಸಿರು ಬಣ್ಣ ತೋರಿಸುತ್ತಿರುತ್ತದೆ. ಹೊಸ ಯಂತ್ರದ ಯೋಜನೆಯನ್ನು ಹಳೆಯ ಯಂತ್ರಕ್ಕೆ ನಕಲು ಮಾಡಿದರೆ ಇದರ ತಿರುಗುಮುರುಗಾಗಿ ಮೊದಲ ದಿನವೇ ಗಡುವು ಮೀರಿದ ಸೂಚನೆ ಬರುತ್ತದೆ. ಅದು ಕಣ್ಣಿಗೆ ಕಾಣುವುದರಿಂದ ಅಷ್ಟು ಅಪಾಯವಿಲ್ಲ.

ಇನ್ನೊಂದು ಮಾತು. ಗಂಟೆಯ ಲೆಕ್ಕವೊಂದನ್ನೇ ಇಡಬೇಡಿ. ಜನರೇಟರ್ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಇಷ್ಟು ಗಂಟೆ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದು ಬರೆದಿರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗುವುದರಿಂದ ಜನರೇಟರ್ ಹೆಚ್ಚು ಓಡುತ್ತದೆ, ಬೇಸಿಗೆಯಲ್ಲಿ ವಾರಗಟ್ಟಲೆ ಸುಮ್ಮನೆ ನಿಂತಿರುತ್ತದೆ. ನಿಂತ ಯಂತ್ರದಲ್ಲೂ ಆಯಿಲ್ ಹಳತಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಎರಡೂ ಷರತ್ತುಗಳು ನಕಲಿನಲ್ಲಿ ಬಂದಿವೆಯೇ ಎಂದು ಪರಿಶೀಲಿಸಿ.

ಕಾರವಾರ, ಅತಿಥಿಗೃಹ ನಿರ್ವಹಣೆ:
ಬಹಳ ಉಪಕಾರವಾಯಿತು. ಪರೀಕ್ಷೆಯ ನಕಲನ್ನು ನಿಷ್ಕ್ರಿಯಗೊಳಿಸಿದ್ದೇನೆ. ಊರಿನ ಹವೆಯ ವಿಷಯ ಹೇಳಿದಿರಿ. ಕಾರವಾರದಲ್ಲಿ ಎಸಿ ಹೊರಘಟಕಗಳನ್ನು ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆಸುತ್ತೇವೆ. ಶಿರಸಿಯಲ್ಲೂ ಅದೇ ಅಂತರ ಇಡಬೇಕೇ?

ಹೊನ್ನಾವರ, ಹೋಟೆಲ್ ನಿರ್ವಹಣೆ:
ಈ ಪ್ರಶ್ನೆಗೆ ಕರಾವಳಿಯವನಾಗಿ ನಾನು ಉತ್ತರಿಸುತ್ತೇನೆ. ಕಾರವಾರದಿಂದ ಭಟ್ಕಳದವರೆಗೆ ಸಮುದ್ರಕ್ಕೆ ಮುಖಮಾಡಿದ ಕಟ್ಟಡಗಳಲ್ಲಿ ಗಾಳಿಯೊಂದಿಗೆ ಉಪ್ಪು ಬರುತ್ತದೆ. ಹೊರಘಟಕದ ಸುರುಳಿಯಲ್ಲಿ ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆಗಳು ಅಂಟಿಕೊಂಡಿರುತ್ತವೆ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರಿನ ತೇವ ಕುಳಿತಾಗ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಸವೆತ ಶುರುವಾದಾಗ ರೆಕ್ಕೆಗಳ ಅಂಚಿನಲ್ಲಿ ಬಿಳಿಯ ಪುಡಿ ಕಾಣಿಸುತ್ತದೆ, ಮುಟ್ಟಿದರೆ ಉದುರುತ್ತದೆ. ತಿಂಗಳಿಗೊಮ್ಮೆ ತೊಳೆಯುವ ನಿಮ್ಮ ಕ್ರಮಕ್ಕೆ ಕಾರಣ ಇದು. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದರೆ ಈ ಕಾರಣ ಇರುವುದಿಲ್ಲ. ಅಲ್ಲಿ ಕೈಪಿಡಿ ಹೇಳುವ ಸಾಮಾನ್ಯ ಅಂತರ ಸಾಕು. ಕಾರವಾರದ ಅಂತರವನ್ನೇ ನಕಲು ಮಾಡಿದರೆ ಶಿರಸಿಯ ಟೆಕ್ನಿಷಿಯನ್‌ಗೆ ಅನಗತ್ಯ ಕೆಲಸ ಬೀಳುತ್ತದೆ. ಅನಗತ್ಯವೆಂದು ಅವನಿಗೂ ಗೊತ್ತಿರುವುದರಿಂದ ಕೆಲಸ ಮಾಡದೆಯೇ ಗುರುತು ಹಾಕುವ ಅಭ್ಯಾಸ ಬೆಳೆಯುತ್ತದೆ, ಮತ್ತು ಆ ಅಭ್ಯಾಸ ಅಗತ್ಯದ ಕೆಲಸಗಳಿಗೂ ಹರಡುತ್ತದೆ.

ಘಟ್ಟದ ಮೇಲೆ ಕಾರವಾರದ ಪಟ್ಟಿಯಲ್ಲಿ ಇಲ್ಲದ ಕೆಲಸಗಳೂ ಇವೆ. ಶಿರಸಿಯಲ್ಲಿ ಮರಗಳ ನಡುವಿನ ಕಟ್ಟಡವಾದರೆ ತಾರಸಿಯ ನೀರು ಹೋಗುವ ಕೊಳವೆಗಳಲ್ಲಿ ಎಲೆ ತುಂಬಿಕೊಳ್ಳುತ್ತದೆ, ತಿಂಗಳುಗಟ್ಟಲೆ ಬಿಸಿಲು ಕಾಣದೆ ಗೋಡೆಗೆ ಪಾಚಿ ಹಿಡಿಯುತ್ತದೆ, ವಿದ್ಯುತ್ ಫಲಕಗಳ ಒಳಗೆ ತೇವ ಕೂರುತ್ತದೆ. ನಕಲು ಮಾಡಿದ ಪಟ್ಟಿ ಪೂರ್ಣವಾಗಿ ಕಾಣುವುದರಿಂದ ಸೇರಿಸಬೇಕಾದದ್ದರ ಕಡೆಗೆ ಯಾರೂ ಗಮನ ಕೊಡುವುದಿಲ್ಲ. ಹೊನ್ನಾವರದ ಕಟ್ಟಡಕ್ಕೆ ನಿಮ್ಮ ಕಾರವಾರದ ಅಂತರಗಳು ಬಹುಮಟ್ಟಿಗೆ ಹಾಗೆಯೇ ನಡೆಯುತ್ತವೆ.

ಕುಮಟಾ, ವಿದ್ಯುತ್ ನಿರ್ವಹಣೆ:
ಹೊನ್ನಾವರದವರ ಮಾತಿಗೆ ಪೂರಕವಾಗಿ ಮಳೆಗಾಲದ ಮುಂಚಿನ ಕೆಲಸಗಳ ಬಗ್ಗೆ ಹೇಳಬೇಕು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದ್ದರಿಂದ ತಾರಸಿಯ ಸೋರಿಕೆ, ಚರಂಡಿ, ಸಿಡಿಲು ರಕ್ಷಣೆ, ಅರ್ಥಿಂಗ್ ಪರೀಕ್ಷೆ ಇವೆಲ್ಲ ಮೇ ತಿಂಗಳೊಳಗೆ ಮುಗಿಯಲೇಬೇಕು. ತಂತ್ರಾಂಶದಲ್ಲಿ ವೇಳಾಪಟ್ಟಿ ಎರಡು ಬಗೆಯದು. ಒಂದರಲ್ಲಿ ಗಡುವು ಕ್ಯಾಲೆಂಡರಿಗೆ ಕಟ್ಟಿಕೊಂಡಿರುತ್ತದೆ, ಇನ್ನೊಂದರಲ್ಲಿ ಹಿಂದಿನ ಕೆಲಸ ಮುಗಿದ ದಿನದಿಂದ ಎಣಿಕೆ ಶುರುವಾಗುತ್ತದೆ. ಎರಡನೆಯ ಬಗೆಯಲ್ಲಿ ಈ ವರ್ಷದ ಕೆಲಸ ತಡವಾಗಿ ಜೂನ್ 20ಕ್ಕೆ ಮುಗಿದರೆ ಮುಂದಿನ ವರ್ಷದ ಗಡುವೂ ಜೂನ್ 20 ಆಗುತ್ತದೆ, ಅಂದರೆ ಸುರಿಯುವ ಮಳೆಯಲ್ಲಿ ತಾರಸಿ ನೋಡಲು ಹೋಗಬೇಕಾಗುತ್ತದೆ. ಮಳೆಗಾಲಕ್ಕೆ ಸಂಬಂಧಿಸಿದ ಎಲ್ಲ ಯೋಜನೆಗಳೂ ಮೊದಲ ಬಗೆಯವೇ ಆಗಿರಬೇಕು. ಆಯಿಲ್ ಬದಲಾವಣೆಯಂಥವುಗಳಿಗೆ ಎರಡನೆಯ ಬಗೆ ಯೋಗ್ಯ. ಮೂಲದಲ್ಲಿ ಯಾವ ಬಗೆ ಇದೆಯೋ ಅದೇ ನಕಲಿನಲ್ಲೂ ಬರುವುದರಿಂದ, ನಕಲು ಮಾಡುವ ಮೊದಲು ಮೂಲವನ್ನೇ ಒಮ್ಮೆ ಸರಿಪಡಿಸಿಕೊಳ್ಳಿ.

ಅರ್ಥಿಂಗ್ ಪರೀಕ್ಷೆಯ ತಿಂಗಳಿಗೂ ಕಾರಣವಿದೆ. ಚಿರೆಕಲ್ಲಿನ ನೆಲ ಒಣಗಿದಾಗ ಅದರ ವಿದ್ಯುತ್ ಪ್ರತಿರೋಧ ಏರುತ್ತದೆ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಅಳೆದಾಗ ವರ್ಷದ ಅತ್ಯಂತ ಕೆಟ್ಟ ಓದು ಸಿಗುತ್ತದೆ. ಅದು ಸರಿಯಿದ್ದರೆ ವರ್ಷವಿಡೀ ಸರಿಯಿರುತ್ತದೆ. ಆಗಸ್ಟ್‌ನಲ್ಲಿ ಅಳೆದು ಬಂದ ಒಳ್ಳೆಯ ಓದನ್ನು ನಂಬಿ ಕೂರುವಂತಿಲ್ಲ.

ದಾಂಡೇಲಿ, ಕಾರ್ಖಾನೆ ನಿರ್ವಹಣೆ:
ಎಲ್ಲರ ಮಾತುಗಳನ್ನು ಗೌರವಿಸುತ್ತಲೇ ಭಿನ್ನಾಭಿಪ್ರಾಯವೊಂದನ್ನು ಮುಂದಿಡುತ್ತೇನೆ. ಇಷ್ಟೆಲ್ಲ ಅಳಿಸಿ, ತಿದ್ದಿ, ಮತ್ತೆ ಪರಿಶೀಲಿಸಬೇಕಾದರೆ ನಕಲಿನಿಂದ ಉಳಿಯುವ ಶ್ರಮವಾದರೂ ಎಷ್ಟು? ಹೊಸ ಕಟ್ಟಡದ ಪ್ರತಿ ಯಂತ್ರದ ಕೈಪಿಡಿ ಓದಿ ಯೋಜನೆಯನ್ನು ಹೊಸದಾಗಿ ಬರೆದರೆ ಬರೆಯುವವರಿಗೆ ಯಂತ್ರದ ಪರಿಚಯವಾಗುತ್ತದೆ. ಆ ಪರಿಚಯ ಮುಂದಿನ ಹತ್ತು ವರ್ಷ ಉಪಯೋಗಕ್ಕೆ ಬರುತ್ತದೆ.

ಶಿರಸಿ, ಆಸ್ಪತ್ರೆ ಕಟ್ಟಡ ನಿರ್ವಹಣೆ:
ದಾಂಡೇಲಿಯವರ ಮಾತು ಜನರೇಟರ್, ಲಿಫ್ಟ್‌ನಂಥ ಒಂಟಿ ಯಂತ್ರಗಳಿಗೆ ಒಪ್ಪುತ್ತದೆ. ಆದರೆ ಒಂದೇ ಕಟ್ಟಡದಲ್ಲಿ ಒಂದೇ ಕಂಪನಿಯ, ಒಂದೇ ಮಾದರಿಯ 24 ಎಸಿಗಳಿದ್ದರೆ ಅವಕ್ಕೆ 24 ಬಾರಿ ಬರೆಯುವುದರಲ್ಲಿ ಅರ್ಥವಿಲ್ಲ. ಮೊದಲನೆಯದನ್ನು ಕೈಪಿಡಿ ಓದಿ ಬರೆಯಿರಿ, ಉಳಿದವನ್ನು ಅದರಿಂದ ನಕಲು ಮಾಡಿ. ಆಗ ಗಮನಿಸಬೇಕಾದದ್ದು ಆರಂಭದ ದಿನಾಂಕ. ಎಲ್ಲ ನಕಲುಗಳೂ ತಿಂಗಳ 1ನೇ ತಾರೀಕಿಗೇ ಬಂದು ನಿಂತರೆ, ದಿನಕ್ಕೆ ನಾಲ್ಕು ಎಸಿ ಮಾಡಬಲ್ಲ ಒಬ್ಬ ಟೆಕ್ನಿಷಿಯನ್‌ಗೆ ಮೊದಲ ದಿನವೇ 20 ಕೆಲಸ ಬಾಕಿ ಬೀಳುತ್ತವೆ. ಮಹಡಿ ಮಹಡಿಯಾಗಿ ಆರು ದಿನಗಳಿಗೆ ಹಂಚಿಬಿಡಿ.

ಅಂಕೋಲಾ ಮೂಲ, ಈಗ ಬೆಂಗಳೂರು, ತಂತ್ರಾಂಶ ಅಳವಡಿಕೆ:
ಇಂಥ ತಂತ್ರಾಂಶಗಳನ್ನು ಅಳವಡಿಸುವುದು ನನ್ನ ವೃತ್ತಿಯಾದ್ದರಿಂದ ಒಂದು ಅಂಶವನ್ನು ಸ್ಪಷ್ಟಪಡಿಸಬಯಸುತ್ತೇನೆ. ನಕಲು ಮಾಡಿದಾಗ ಕೆಲಸದ ಹಂತಗಳ ಪಟ್ಟಿ ನಿಜವಾಗಿಯೂ ಎರಡಾಗುತ್ತದೆಯೇ, ಅಥವಾ ಎರಡೂ ಯೋಜನೆಗಳು ಒಂದೇ ಪಟ್ಟಿಯನ್ನು ತೋರಿಸುತ್ತಿರುತ್ತವೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ದೊಡ್ಡ ಸಂಸ್ಥೆಗಳು ಬಳಸುವ ಸ್ಯಾಪ್ ತಂತ್ರಾಂಶದಲ್ಲಿ ಟಾಸ್ಕ್ ಲಿಸ್ಟ್, ಅಂದರೆ ಹಂತಗಳ ಪಟ್ಟಿ, ಎಂಬುದು ಯೋಜನೆಯಿಂದ ಹೊರಗಿರುವ ಪ್ರತ್ಯೇಕ ದಾಖಲೆ. ಅನೇಕ ಯೋಜನೆಗಳು ಅದನ್ನು ಹಂಚಿಕೊಳ್ಳಬಹುದು. ಐಬಿಎಂ ಮ್ಯಾಕ್ಸಿಮೊ ಎಂಬ ನಿರ್ವಹಣಾ ತಂತ್ರಾಂಶದಲ್ಲಿ ಹಂತಗಳು ಜಾಬ್ ಪ್ಲಾನ್ ಎಂಬ ಪ್ರತ್ಯೇಕ ದಾಖಲೆಯಲ್ಲಿರುತ್ತವೆ, ಜೊತೆಗೆ ಮಾಸ್ಟರ್ ಪಿಎಂ (ಪಿಎಂ ಎಂದರೆ ಮುಂಜಾಗ್ರತಾ ನಿರ್ವಹಣೆ) ಎಂಬ ಮಾತೃದಾಖಲೆಯಿದ್ದು ಅದರಲ್ಲಿ ಮಾಡಿದ ಬದಲಾವಣೆಯನ್ನು ಅದಕ್ಕೆ ಜೋಡಿಸಿದ ಯೋಜನೆಗಳಿಗೆ ತಲುಪಿಸಬಹುದು. ಚಿಕ್ಕ ತಂತ್ರಾಂಶಗಳಲ್ಲಿ ಕೆಲವೆಡೆ ಹಂತಗಳು ಯೋಜನೆಯೊಳಗೇ ಬರೆದಿರುತ್ತವೆ, ಆದ್ದರಿಂದ ನಕಲಾದ ಕ್ಷಣದಿಂದ ಎರಡಕ್ಕೂ ಸಂಬಂಧ ಕಡಿಯುತ್ತದೆ.

ನಿಮ್ಮದು ಯಾವ ಬಗೆಯೆಂದು ತಿಳಿಯಲು ಸುಲಭದ ದಾರಿಯಿದೆ. ನಿಷ್ಕ್ರಿಯವಾಗಿರುವ ಆ ನಕಲಿನ ಹಂತವೊಂದರಲ್ಲಿ ಒಂದು ಪದ ಸೇರಿಸಿ ಉಳಿಸಿ, ಆಮೇಲೆ ಮೂಲವನ್ನು ತೆರೆದು ನೋಡಿ. ಅಲ್ಲಿಯೂ ಆ ಪದ ಕಂಡರೆ ಪಟ್ಟಿ ಒಂದೇ. ಹಾಗಿದ್ದಲ್ಲಿ ಶಿರಸಿಯವರು ತಮ್ಮ ಅನುಕೂಲಕ್ಕೆ ಒಂದು ಹಂತವನ್ನು ಅಳಿಸಿದರೆ ಕಾರವಾರದಲ್ಲೂ ಅದು ಅಳಿಸಿಹೋಗುತ್ತದೆ, ಆದ್ದರಿಂದ ತಿದ್ದುವ ಅಧಿಕಾರ ಒಬ್ಬರ ಕೈಯಲ್ಲಿರಬೇಕು. ಕಾಣದಿದ್ದರೆ ಪಟ್ಟಿಗಳು ಬೇರೆಬೇರೆ. ಕಾರವಾರದಲ್ಲಿ ಮಾಡಿದ ಸುಧಾರಣೆ ಶಿರಸಿಗೆ ತಾನಾಗಿ ತಲುಪುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಸೇರಿಸಿದ ಪದವನ್ನು ತೆಗೆದುಹಾಕಿ. ಯಾವ ಬಗೆಯಾದರೂ ಸರಿ, ಮೂರು ಕಟ್ಟಡಗಳಿಗೆ ಸಮಾನವಾದ ಹಂತಗಳನ್ನು ಯಾವ ಯಂತ್ರಕ್ಕೂ ಸೇರದ ಮಾದರಿ ಯೋಜನೆಯೊಂದರಲ್ಲಿಟ್ಟು ಅಲ್ಲಿಂದ ನಕಲು ಮಾಡಿ. ಚಾಲನೆಯಲ್ಲಿರುವ ಯೋಜನೆಯಿಂದ ನಕಲು ಮಾಡಬೇಡಿ. ಮಾದರಿಯಲ್ಲಿ ದಿನಾಂಕ, ಮೀಟರ್, ಟೆಕ್ನಿಷಿಯನ್ ಯಾವುದೂ ಇರುವುದಿಲ್ಲವಾದ್ದರಿಂದ ಶಿರಸಿಯವರು ಹೇಳಿದ ಅಳಿಸುವ ಕೆಲಸವೇ ಉಳಿಯುವುದಿಲ್ಲ.

ಎಕ್ಸೆಲ್ ಹಾಳೆಗೆ ಇಳಿಸಿಕೊಂಡು, ತಿದ್ದಿ, ಮತ್ತೆ ಏರಿಸುವ ಸೌಲಭ್ಯವಿದ್ದರೆ ಹೆಚ್ಚಿನ ಸಂಖ್ಯೆಯ ಯೋಜನೆಗಳಿಗೆ ಅದು ವೇಗದ ದಾರಿ. ಆದರೆ ದಿನಾಂಕದ ಬರವಣಿಗೆ ನೋಡಿಕೊಳ್ಳಿ. 05/06 ಎಂಬುದನ್ನು ನಾವು ಜೂನ್ 5 ಎಂದು ಬರೆದರೆ, ಅಮೆರಿಕದ ಕ್ರಮಕ್ಕೆ ಹೊಂದಿಸಿದ ತಂತ್ರಾಂಶ ಮೇ 6 ಎಂದು ಓದುತ್ತದೆ, ಮತ್ತು 12ರ ಒಳಗಿನ ತಾರೀಕುಗಳಲ್ಲಿ ಯಾವ ದೋಷಸೂಚನೆಯೂ ಬರುವುದಿಲ್ಲ. ಮೊದಲು ಎರಡು ಸಾಲುಗಳನ್ನು ಮಾತ್ರ ಏರಿಸಿ ಪರೀಕ್ಷಿಸಿ.

ಭಟ್ಕಳ, ಅಗ್ನಿ ಸುರಕ್ಷತೆ:
ಕಾನೂನಿಗೆ ಸಂಬಂಧಿಸಿದ ಯೋಜನೆಗಳನ್ನು ಪ್ರತ್ಯೇಕವಾಗಿ ನೋಡಬೇಕೆಂದು ವಿನಂತಿ. ಅಗ್ನಿಶಾಮಕ ಸಿಲಿಂಡರ್‌ಗಳ ನಿರ್ವಹಣೆಗೆ ಭಾರತೀಯ ಮಾನಕ ಐಎಸ್ 2190 ಇದೆ. ಕಣ್ಣಿನಿಂದ ನೋಡುವ ತಪಾಸಣೆಯ ಹಂತಗಳನ್ನು ನಕಲು ಮಾಡಬಹುದು; ಆದರೆ ಒತ್ತಡ ಪರೀಕ್ಷೆಯ ಗಡುವು ಪ್ರತಿ ಸಿಲಿಂಡರಿಗೂ ಬೇರೆ, ಅದರ ಮೇಲೆ ಗುರುತಿಸಿರುವ ದಿನಾಂಕದಿಂದಲೇ ಲೆಕ್ಕ ಹಾಕಬೇಕು. ಲಿಫ್ಟ್‌ಗಳಿಗೆ ಕರ್ನಾಟಕದಲ್ಲಿ 2012ರ ಪ್ರತ್ಯೇಕ ಕಾಯ್ದೆಯಿದೆ. ಶಿರಸಿಯ ಲಿಫ್ಟ್‌ನ ಗಡುವುಗಳು ಶಿರಸಿಯ ಲಿಫ್ಟ್‌ನ ಪ್ರಮಾಣಪತ್ರದಿಂದಲೇ ಬರಬೇಕು.

ಯೋಜನೆಗೆ ಲಗತ್ತಿಸಿದ ಕಡತಗಳನ್ನೂ ಗಮನಿಸಿ. ಕೆಲವು ತಂತ್ರಾಂಶಗಳು ಲಗತ್ತುಗಳನ್ನು ಸೇರಿಸಿಯೇ ನಕಲು ಮಾಡುತ್ತವೆ. ಕಾರವಾರದ ಲಿಫ್ಟ್‌ನ ಪ್ರಮಾಣಪತ್ರ ಶಿರಸಿಯ ಲಿಫ್ಟ್‌ನ ಯೋಜನೆಯಲ್ಲಿ ಕುಳಿತಿದ್ದರೆ, ಶಿರಸಿಯ ಲಿಫ್ಟ್‌ಗೆ ಪ್ರಮಾಣಪತ್ರ ಇದೆಯೆಂದೇ ಎಲ್ಲರೂ ತಿಳಿಯುತ್ತಾರೆ. ತಪಾಸಣೆಗೆ ಬಂದವರು ಅದನ್ನು ತೆರೆದು ನೋಡುವವರೆಗೆ ಆ ನಂಬಿಕೆ ಮುಂದುವರಿಯುತ್ತದೆ. ಇದು ಜನರು ಹತ್ತಿ ಇಳಿಯುವ ಯಂತ್ರದ ವಿಷಯವಾದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಕಾರವಾರ, ಅತಿಥಿಗೃಹ ನಿರ್ವಹಣೆ:
ಅಂಕೋಲೆಯವರು ಹೇಳಿದಂತೆ ಪದ ಸೇರಿಸಿ ನೋಡಿದೆ. ಮೂಲದಲ್ಲಿ ಅದು ಕಾಣಲಿಲ್ಲ, ಅಂದರೆ ನಮ್ಮಲ್ಲಿ ಪಟ್ಟಿಗಳು ಬೇರೆಯಾಗುತ್ತವೆ. ಆದ್ದರಿಂದ ಮಾದರಿ ಯೋಜನೆಗಳನ್ನು ಮಾಡಿಕೊಂಡು, ಹೆಸರಿನ ಮೊದಲಿಗೇ ಊರು ಮತ್ತು ಯಂತ್ರ ಬರುವಂತೆ ಬರೆದು, ಎಸಿ ಮತ್ತು ಪಂಪುಗಳನ್ನು ಮಾತ್ರ ನಕಲು ಮಾಡುತ್ತೇವೆ. ಜನರೇಟರ್, ಲಿಫ್ಟ್, ಅಗ್ನಿಶಾಮಕ ಯೋಜನೆಗಳನ್ನು ದಾಂಡೇಲಿಯವರ ಸಲಹೆಯಂತೆ ಶಿರಸಿಯಲ್ಲಿ ಯಂತ್ರದ ಬಳಿಯೇ ಹೊಸದಾಗಿ ಬರೆಸುತ್ತೇವೆ. ಕೊನೆಯದಾಗಿ ಒಂದು ಪ್ರಶ್ನೆ ಉಳಿದಿದೆ. ಕಾರವಾರದ ಹಳೆಯ ಜನರೇಟರನ್ನು ಹೊನ್ನಾವರಕ್ಕೆ ಸಾಗಿಸಿ ಇಲ್ಲಿ ದೊಡ್ಡದನ್ನು ಕೂರಿಸುವ ಆಲೋಚನೆಯಿದೆ. ಆಗ ಹೊನ್ನಾವರಕ್ಕೆ ನಕಲು ಬೇಕೇ?

ಶಿರಸಿ, ಆಸ್ಪತ್ರೆ ಕಟ್ಟಡ ನಿರ್ವಹಣೆ:
ಬೇಡ. ಯಂತ್ರವೇ ಊರು ಬದಲಿಸಿದಾಗ ಯೋಜನೆಯೂ ಅದರ ಜೊತೆಗೇ ಹೋಗಬೇಕು. ಯಂತ್ರದ ದಾಖಲೆಯಲ್ಲಿ ಸ್ಥಳವನ್ನು ಹೊನ್ನಾವರವೆಂದು ಬದಲಿಸಿ, ಅದೇ ಯೋಜನೆಯಲ್ಲಿ ಟೆಕ್ನಿಷಿಯನ್ ಮತ್ತು ಉಗ್ರಾಣವನ್ನು ಮಾತ್ರ ತಿದ್ದಿ. ಮೀಟರ್ ಓದು, ಸರ್ವೀಸ್ ಇತಿಹಾಸ, ಮುಂದಿನ ಗಡುವು ಕಡಿದುಹೋಗದೆ ಮುಂದುವರಿಯುತ್ತವೆ. ನಕಲು ಮಾಡಿದರೆ ಆ ಇತಿಹಾಸ ಹಳೆಯ ಯೋಜನೆಯಲ್ಲೇ ಉಳಿದು, ಹೊನ್ನಾವರದವರಿಗೆ ಹಳೆಯ ಯಂತ್ರವೊಂದು ಹೊಸದರಂತೆ ಕಾಣುತ್ತದೆ. ಕಾರವಾರಕ್ಕೆ ಬರುವ ದೊಡ್ಡ ಜನರೇಟರಿಗೆ ಹೊಸ ಯಂತ್ರಸಂಖ್ಯೆ ಕೊಟ್ಟು, ಅದರ ಕೈಪಿಡಿಯಂತೆ ಹೊಸ ಯೋಜನೆ ಬರೆಯಿರಿ. ಅದರ ಆಯಿಲ್ ಪ್ರಮಾಣ, ಫಿಲ್ಟರ್, ಅಂತರ ಎಲ್ಲವೂ ಬೇರೆಯಿರಬಹುದು. ಸಾಗಿಸುವ ದಿನ ಮೀಟರಿನ ಛಾಯಾಚಿತ್ರ ತೆಗೆದು ಯಂತ್ರದ ದಾಖಲೆಗೆ ಲಗತ್ತಿಸಿ, ಮತ್ತು ಸಾಗಣೆಯ ಅವಧಿಯಲ್ಲಿ ವರ್ಕ್ ಆರ್ಡರ್ ಹುಟ್ಟದಂತೆ ಯೋಜನೆಯನ್ನು ತಡೆಹಿಡಿದು, ಹೊನ್ನಾವರದಲ್ಲಿ ಅರ್ಥಿಂಗ್ ಜೋಡಿಸಿ ಯಂತ್ರ ಚಾಲೂ ಮಾಡಿದ ದಿನ ಮತ್ತೆ ತೆರೆಯಿರಿ.